ಕಾಫಿ ಬರಲಿಲ್ಲ, ಮತ್ತೆ ಹೇಳಬಹುದೇ?

ಮುಂಬೈನ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಮಾಣಿಗೆ ಎರಡು ಕಾಫಿ ಹೇಳಿ ಹತ್ತು ನಿಮಿಷವಾದರೂ ಅದು ಬಾರದಿದ್ದರೆ, ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಒಳಗೆ ತಡವಾಗಿದೆಯೋ ಎಂಬುದು ಕುಳಿತವರಿಗೆ ತಿಳಿಯುವುದಿಲ್ಲ. ಇನ್ನೊಬ್ಬ ಮಾಣಿಯನ್ನು ಕರೆದು ಹೇಳಿದರೆ ನಾಲ್ಕು ಕಾಫಿ ಬಂದು, ನಾಲ್ಕಕ್ಕೂ ಬಿಲ್ಲು ಬರಬಹುದು. ಆ್ಯಪ್‌ಗಳ ಪರವಾಗಿ ಸರ್ವರ್‌ಗಳೊಡನೆ ಮಾತಾಡುವ ಸಿದ್ಧ ಕೋಡಿನ ಕಟ್ಟುಗಳಾದ ಎಚ್‌ಟಿಟಿಪಿ (ವೆಬ್ಬಿನ ಮಾತುಕತೆಯ ನಿಯಮಾವಳಿ) ಕ್ಲೈಂಟ್ ಲೈಬ್ರರಿಗಳ ನಿತ್ಯದ ಇಕ್ಕಟ್ಟೂ ಇದೇ. ಕೋರಿಕೆ ಕಳುಹಿಸಿ ಉತ್ತರ ಓದುವ ಕೋಡನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಉತ್ತರ ಬಾರದಾಗ ಏನು ಮಾಡಬೇಕೆಂಬುದು ಇತ್ಯರ್ಥವಾಗಲು ವರ್ಷಗಳೇ ಹಿಡಿಯುತ್ತವೆ.

ನಾನು ಬಿಡುವಿನಲ್ಲಿ ನೋಡಿಕೊಳ್ಳುವ ಸಣ್ಣದೊಂದು ಓಪನ್‌ಸೋರ್ಸ್ ಲೈಬ್ರರಿಯ ಬಗ್ಗೆ ಡೊಂಬಿವಲಿಯಲ್ಲಿ ನೆಲೆಸಿರುವ ವಿಜಯಪುರ ಕಡೆಯ ತರುಣನೊಬ್ಬ ದೂರು ಕೊಟ್ಟಿದ್ದ: “ದಿನಕ್ಕ ಒಂದೆರಡು ಸಲ ಕನೆಕ್ಷನ್ ಕಟ್ ಆಗ್ತದರಿ ಸರ್, ಮತ್ತ ರನ್ ಮಾಡಿದ್ರ ಸರಿ ಹೋಗ್ತದ.” ಇಂಥ ದೋಷವೇ ಎಲ್ಲಕ್ಕಿಂತ ಕಾಡುವಂಥದ್ದು, ಏಕೆಂದರೆ ಹುಡುಕಲು ಹೊರಟಾಗ ಅದು ಅಲ್ಲಿರುವುದಿಲ್ಲ.

ಮುಂಬೈಯಿಂದ ಅಮೆರಿಕದ ಪೂರ್ವ ಕರಾವಳಿಯ ಸರ್ವರ್‌ಗೆ ಸಂದೇಶ ಹೋಗಿಬರಲು ಸುಮಾರು 200 ಮಿಲಿಸೆಕೆಂಡ್ ಬೇಕು. ಟಿಸಿಪಿ ಸಂಪರ್ಕ ಕೂಡಿಸಲು ಅಂಥ ಒಂದು ಸುತ್ತು, ಟಿಎಲ್‌ಎಸ್ 1.3ರ ಗೂಢಲಿಪಿಯ ಒಪ್ಪಂದಕ್ಕೆ ಇನ್ನೊಂದು ಸುತ್ತು. ಪ್ರಶ್ನೆ ಕೇಳುವ ಮೊದಲೇ 400 ಮಿಲಿಸೆಕೆಂಡ್ ಕಳೆದಿರುತ್ತದೆ. ಆದ್ದರಿಂದಲೇ 1997ರ ಎಚ್‌ಟಿಟಿಪಿ 1.1, ಒಮ್ಮೆ ಕೂಡಿಸಿದ ಸಂಪರ್ಕವನ್ನು ಮರುಬಳಕೆಗೆ ತೆರೆದಿಡುವುದನ್ನೇ ರೂಢಿಯಾಗಿಸಿತು. ನಮ್ಮ ಲೈಬ್ರರಿ ಅದನ್ನು 60 ಸೆಕೆಂಡ್ ಇಟ್ಟುಕೊಳ್ಳುತ್ತಿತ್ತು. ಎನ್‌ಜಿನ್‌ಎಕ್ಸ್ ಸರ್ವರ್ ಬೇರೆ ಸೂಚನೆ ಇಲ್ಲದಿದ್ದರೆ ಮುಂದಿನ ಕೋರಿಕೆಗಾಗಿ 75 ಸೆಕೆಂಡ್ ಕಾಯುತ್ತದೆ, ಹಾಗಾಗಿ ತೊಂದರೆಯಿರಲಿಲ್ಲ. ಆ ತರುಣನ ಸರ್ವರ್ ನೋಡ್‌ ಜೆಎಸ್‌ನದು. ಅದು ಕಾಯುತ್ತಿದ್ದುದು 5 ಸೆಕೆಂಡ್ ಮಾತ್ರ. ಅದು ಬಾಗಿಲು ಮುಚ್ಚಿದ ಸುದ್ದಿಯೂ ನಮ್ಮ ಹೊಸ ಕೋರಿಕೆಯೂ ದಾರಿಯಲ್ಲಿ ಎದುರುಬದುರಾದಾಗ ಕೋರಿಕೆ ಮುಚ್ಚಿದ ಬಾಗಿಲಿಗೆ ಬಡಿದು ವಾಪಸಾಗುತ್ತಿತ್ತು.

ಹಾಗಾದರೆ ಲೈಬ್ರರಿಯೇ ಸದ್ದಿಲ್ಲದೆ ಇನ್ನೊಮ್ಮೆ ಕಳುಹಿಸಬಾರದೇಕೆ? ಮಾಹಿತಿ ಕೇಳುವ ಗೆಟ್ ಕೋರಿಕೆಯನ್ನು ಎಷ್ಟು ಸಲ ಕಳುಹಿಸಿದರೂ ಸರ್ವರ್‌ನಲ್ಲಿ ಏನೂ ಬದಲಾಗುವುದಿಲ್ಲ. ಹಣ ಪಾವತಿಸುವ ಪೋಸ್ಟ್ ಹಾಗಲ್ಲ. ಸಂಪರ್ಕ ಕಡಿಯುವ ಮುನ್ನ ಸರ್ವರ್ ಕೆಲಸ ಮುಗಿಸಿರಲೂಬಹುದು. ಎಚ್‌ಟಿಟಿಪಿಯ ನಿಯಮಗಳೂ ಈ ಎರಡನ್ನು ಬೇರೆಬೇರೆಯಾಗಿಯೇ ಕಾಣುತ್ತವೆ.

ಆದ್ದರಿಂದ ತಿದ್ದುಪಡಿ ಎರಡು ಭಾಗವಾಯಿತು. ‘5 ಸೆಕೆಂಡ್ ಮಾತ್ರ ಕಾಯುವೆ’ ಎಂದು ಸರ್ವರ್ ತನ್ನ ಉತ್ತರದ ತಲೆಬರಹದಂಥ ಟಿಪ್ಪಣಿಯಾದ ಹೆಡರ್‌ನಲ್ಲೇ ಹೇಳುತ್ತದೆ, ನಾವು ಮಾತ್ರ ಅದನ್ನು ಓದುತ್ತಿರಲಿಲ್ಲ. ಈಗ ಓದಿ, ಒಂದು ಸೆಕೆಂಡ್ ಮುಂಚೆಯೇ ಸಂಪರ್ಕವನ್ನು ಕೈಬಿಡುತ್ತೇವೆ. ಅಷ್ಟಾಗಿಯೂ ಕಡಿದರೆ ಗೆಟ್ ಒಂದೇ ಒಂದು ಸಲ ಮತ್ತೆ ಹೋಗುತ್ತದೆ, ಪೋಸ್ಟ್ ಮಾತ್ರ ದೋಷವನ್ನು ಬಳಕೆದಾರನಿಗೇ ಒಪ್ಪಿಸುತ್ತದೆ. 60 ಸೆಕೆಂಡನ್ನೇ ಎಲ್ಲರಿಗೂ ಇಳಿಸಬಹುದಿತ್ತಾದರೂ, ಹಳೆಯ ನಡವಳಿಕೆಯನ್ನು ನಂಬಿದವರು ಎಲ್ಲೋ ಇದ್ದೇ ಇರುತ್ತಾರೆ. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ‘ರೆಫರರ್’ ಎಂಬ ಹೆಡರಿನ ಇಂಗ್ಲಿಷ್ ಕಾಗುಣಿತದಲ್ಲಿ ಬಿಟ್ಟುಹೋದ ಒಂದು ‘ಆರ್’ ಅಕ್ಷರವನ್ನು ಇದೇ ಕಾರಣಕ್ಕೆ ಇಂದಿಗೂ ಯಾರಿಂದಲೂ ಸೇರಿಸಲಾಗಿಲ್ಲ.

ಈ ದೋಷ ಮರಳದಂತೆ ಬರೆದ ಪರೀಕ್ಷೆ ನಿಜವಾಗಿಯೂ 5 ಸೆಕೆಂಡ್ ಕಾದು ಕುಳಿತಿರುತ್ತದೆ. ನಮ್ಮ ಪರೀಕ್ಷೆಗಳಲ್ಲೆಲ್ಲ ಅದೇ ನಿಧಾನದ್ದು. ತೆಗೆಯಿರೆಂದು ಇಬ್ಬರು ಕೇಳಿದ್ದಾರೆ, ನಾನಿನ್ನೂ ತೆಗೆದಿಲ್ಲ.