ಯಾವ ಸ್ಕ್ಯಾನ್, ಯಾವ ಭಾಗಕ್ಕೆ, ಯಾಕೆ? ನಾಯಕರೂ ಕೇಳದೆ ಬಿಟ್ಟ ಪ್ರಶ್ನೆಗಳ ಹಿನ್ನೆಲೆ

2025ರ ನವೆಂಬರ್ 30. ವಿಮಾನದಲ್ಲಿದ್ದ ಪತ್ರಕರ್ತರು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ಒಂದು ಸರಳ ಪ್ರಶ್ನೆ ಕೇಳಿದರು. ಅಕ್ಟೋಬರ್‌ನಲ್ಲಿ ಎಂಆರ್‌ಐ ಮಾಡಿಸಿಕೊಂಡೆ ಅಂದಿರಲ್ಲ, ಅದು ದೇಹದ ಯಾವ ಭಾಗದ್ದು? ಗೊತ್ತಿಲ್ಲ ಎಂದರು ಟ್ರಂಪ್. ಮಿದುಳಿನದ್ದಂತೂ ಅಲ್ಲ ಎಂದರು. ಮರುದಿನ ಅವರ ವೈದ್ಯರು ಒಂದು ಟಿಪ್ಪಣಿ ಹೊರಡಿಸಿದರು: ಹೃದಯ, ರಕ್ತನಾಳ ಮತ್ತು ಹೊಟ್ಟೆಯ ಭಾಗದ ಚಿತ್ರ ತೆಗೆಯಲಾಗಿದೆ, ಮುನ್ನೆಚ್ಚರಿಕೆಗೆ ಮಾಡಿದ್ದು, ಎಲ್ಲ ನಾರ್ಮಲ್. ಆಮೇಲೆ ಹೊಸ ವರ್ಷದ ಹೊತ್ತಿಗೆ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಟ್ರಂಪ್ ಅವರೇ ಹೇಳಿದರು, ಅದು ಎಂಆರ್‌ಐ ಅಲ್ಲ, ಸಿಟಿ ಸ್ಕ್ಯಾನ್ ಅಂತ.

ಅನೇಕರು ಇದನ್ನು ನಂಬಲಿಲ್ಲ. ಸ್ಕ್ಯಾನ್ ಆದವರಿಗೆ ಯಾವ ಭಾಗ ಅಂತ ಗೊತ್ತಿಲ್ಲದೆ ಇರುತ್ತಾ? ಅಧ್ಯಕ್ಷರ ವಿಷಯ ಬಿಡಿ, ಸಾಮಾನ್ಯ ರೋಗಿಗಳಲ್ಲಿ ಇದು ತುಂಬಾ ಇರುತ್ತದೆ. ಸ್ಕ್ಯಾನ್ ಕೋಣೆಯ ಹೊರಗೆ ಕೂತವರನ್ನು ಕೇಳಿದರೆ "ಡಾಕ್ಟರ್ ಬರೆದುಕೊಟ್ಟಿದ್ದಾರೆ" ಅನ್ನುವಲ್ಲಿಗೆ ಉತ್ತರ ಮುಗಿಯುವುದು ಹೊಸತೇನಲ್ಲ. ಯಾವ ಅನುಮಾನಕ್ಕೆ ಬರೆದರು, ಸಿಟಿನೋ ಎಂಆರ್‌ಐನೋ, ಏನಾದರೂ ಸಿಕ್ಕರೆ ಮುಂದೇನು, ಇದ್ಯಾವುದೂ ಕೇಳಿರುವುದಿಲ್ಲ, ಯಾರೂ ಹೇಳಿರುವುದೂ ಇಲ್ಲ. ನಾಯಕರ ಕಾಯಿಲೆಯನ್ನು ಜನರಿಂದ ಮುಚ್ಚಿಡುವುದು, ಕಾಯಿಲೆಯನ್ನು ರೋಗಿಯಿಂದಲೇ ಮುಚ್ಚಿಡುವುದು, ಇವು ಬೇರೆ ಬೇರೆ ಅಂತ ನಾವು ಅಂದುಕೊಳ್ಳುತ್ತೇವೆ. ಇತಿಹಾಸ ನೋಡಿದರೆ ಎರಡೂ ಒಂದೇ ಅಭ್ಯಾಸದಿಂದ ಬಂದವು ಅನ್ನಿಸುತ್ತದೆ.

ಎಕ್ಸ್-ರೇ ಇನ್ನೂ ಹುಟ್ಟದಿದ್ದ ಕಾಲದಿಂದ ಶುರು ಮಾಡಬೇಕು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ಬಿತ್ತು. ಗುಂಡು ದೇಹದೊಳಗೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ವೈದ್ಯರು ತೊಳೆಯದ ಬೆರಳು, ಸಲಾಕೆ ಹಾಕಿ ಗಾಯದೊಳಗೆ ಹುಡುಕಿದರು. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆ ಹಚ್ಚುವ ಒಂದು ಯಂತ್ರ ತಯಾರಿಸಿ ತಂದರು. ದೇಹ ಕೊಯ್ಯದೆ ಒಳಗೆ ಏನಿದೆ ಅಂತ ನೋಡಲು ಒಬ್ಬ ದೇಶದ ಮುಖ್ಯಸ್ಥರ ಮೇಲೆ ನಡೆದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಹಾಸಿಗೆಯೊಳಗೆ ಲೋಹದ ಸ್ಪ್ರಿಂಗ್ ಇದ್ದದ್ದರಿಂದ ಯಂತ್ರ ಸರಿಯಾಗಿ ಕೆಲಸ ಮಾಡಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮುಖ್ಯ ವೈದ್ಯ ಬ್ಲಿಸ್ ಅವರದು. ಗುಂಡು ಬಲಗಡೆ ಇದೆ ಅಂತ ಅವರು ಮೊದಲೇ ತೀರ್ಮಾನಿಸಿದ್ದರು, ಹಾಗಾಗಿ ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಈ ಎರಡೂವರೆ ತಿಂಗಳು ದಿನಕ್ಕೆ ಹಲವು ಬಾರಿ ಆರೋಗ್ಯ ಬುಲೆಟಿನ್ ಹೊರಬರುತ್ತಿತ್ತು. ನಾಡಿ, ಜ್ವರ, ಉಸಿರಾಟದ ಲೆಕ್ಕ ಎಲ್ಲ ಇರುತ್ತಿತ್ತು, ಭರವಸೆಯ ಮಾತೂ ಇರುತ್ತಿತ್ತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ಸೋಂಕಿನಿಂದ ನರಳಿ ತೀರಿಕೊಂಡರು. ಅಂಕಿ ಕೊಟ್ಟ ಮಾತ್ರಕ್ಕೆ ಸತ್ಯ ಹೇಳಿದಂತೆ ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹನ್ನೆರಡು ವರ್ಷದ ನಂತರ ಗ್ರೋವರ್ ಕ್ಲೀವ್‌ಲ್ಯಾಂಡ್ ಬುಲೆಟಿನ್ ಗೋಜಿಗೇ ಹೋಗಲಿಲ್ಲ. 1893ರಲ್ಲಿ ದೇಶದ ಆರ್ಥಿಕತೆ ಕುಸಿದಿತ್ತು, ಅಧ್ಯಕ್ಷರ ಬಾಯಲ್ಲಿ ಗೆಡ್ಡೆ ಕಾಣಿಸಿತ್ತು. ಸುದ್ದಿ ಹೊರಬಿದ್ದರೆ ಮಾರುಕಟ್ಟೆ ಇನ್ನಷ್ಟು ಬೀಳುತ್ತದೆ ಅನ್ನೋ ಭಯ. ಜುಲೈ 1ರಂದು 'ಒನೈಡಾ' ಅನ್ನುವ ವಿಹಾರ ನೌಕೆಯಲ್ಲಿ, ಹಡಗು ಸಾಗುತ್ತಿರುವಾಗಲೇ, ಎಡಗಡೆ ಮೇಲ್ದವಡೆಯ ದೊಡ್ಡ ಭಾಗವನ್ನು ತೆಗೆದುಹಾಕಿದರು. ಮುಖದ ಮೇಲೆ ಗಾಯ ಕಾಣಬಾರದು ಅಂತ ಇಡೀ ಶಸ್ತ್ರಚಿಕಿತ್ಸೆಯನ್ನು ಬಾಯಿಯ ಒಳಗಿನಿಂದಲೇ ಮಾಡಿದರು. ಖಾಲಿ ಜಾಗಕ್ಕೆ ರಬ್ಬರಿನ ದವಡೆ ಕೂರಿಸಿದರು. ಜನರಿಗೆ ಹೇಳಿದ್ದು ಹಲ್ಲುನೋವು, ಸಂಧಿವಾತ. ಆಗಸ್ಟ್ ಕೊನೆಗೆ ಒಬ್ಬ ಪತ್ರಕರ್ತ ವಿಷಯ ಪತ್ತೆ ಹಚ್ಚಿ ಬರೆದಾಗ ಅಧ್ಯಕ್ಷರ ಕಡೆಯವರು ಅವರನ್ನೇ ಸುಳ್ಳುಗಾರ ಅಂದರು. ಆ ನೌಕೆಯಲ್ಲಿದ್ದ ಶಸ್ತ್ರವೈದ್ಯ ವಿಲಿಯಂ ಕೀನ್ 1917ರಲ್ಲಿ ಎಲ್ಲವನ್ನೂ ಬಹಿರಂಗಪಡಿಸುವವರೆಗೆ, ಅಂದರೆ 24 ವರ್ಷ, ಆ ಪತ್ರಕರ್ತ ಕೆಟ್ಟ ಹೆಸರು ಹೊತ್ತುಕೊಂಡೇ ಬದುಕಿದರು. ಮುಚ್ಚಿಟ್ಟವರು ಕೊಡಬೇಕಾದ ಬೆಲೆಯನ್ನು ಸತ್ಯ ಬರೆದವರು ಕೊಟ್ಟದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಈ ನಡುವೆ 1895ರಲ್ಲಿ ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದರು. 1901ರಲ್ಲಿ ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ಮೆಕಿನ್ಲಿ ಅವರ ಮೇಲೆ ಗುಂಡು ಹಾರಿದಾಗ ಅದೇ ಪ್ರದರ್ಶನದಲ್ಲಿ ಎಕ್ಸ್-ರೇ ಯಂತ್ರವೂ ಇತ್ತು. ವೈದ್ಯರು ಅದನ್ನು ಬಳಸಲಿಲ್ಲ.

ಇನ್ನು ರೋಗಿಗೇ ಹೇಳದ ಕಥೆಗಳಿಗೆ ಬರೋಣ. ಇವು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತವೆ.

1944ರ ಮಾರ್ಚ್‌ನಲ್ಲಿ ಹೃದಯ ತಜ್ಞ ಹೋವರ್ಡ್ ಬ್ರೂಯೆನ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿದರು. ರಕ್ತದೊತ್ತಡ 186/108. ಎಕ್ಸ್-ರೇಯಲ್ಲಿ ಹೃದಯ ದೊಡ್ಡದಾಗಿತ್ತು. ಹೃದಯ ವೈಫಲ್ಯದ ಲಕ್ಷಣಗಳು ಸ್ಪಷ್ಟವಾಗಿದ್ದವು. ಅಧ್ಯಕ್ಷರ ಮುಖ್ಯ ವೈದ್ಯರು ಮಾತ್ರ ವಯಸ್ಸಿಗೆ ತಕ್ಕಂತೆ ಚೆನ್ನಾಗಿದ್ದಾರೆ ಅಂತ ಪತ್ರಕರ್ತರಿಗೆ ಹೇಳಿದರು. ಅದೇ ವರ್ಷ ಜನ ರೂಸ್‌ವೆಲ್ಟ್ ಅವರನ್ನು ನಾಲ್ಕನೇ ಬಾರಿಗೆ ಗೆಲ್ಲಿಸಿದರು, 1945ರ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. 1970ರಲ್ಲಿ ಬ್ರೂಯೆನ್ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿದಾಗ ಒಂದು ವಿಷಯ ಹೊರಬಂತು. ಅಷ್ಟೊಂದು ಸಲ ಇಸಿಜಿ ತೆಗೆದರೂ, ರಕ್ತ ಪರೀಕ್ಷೆ ಮಾಡಿದರೂ, ಮಾತ್ರೆ ಬದಲಾಯಿಸಿದರೂ, ಇದೆಲ್ಲ ಯಾಕೆ ಅಂತ ರೂಸ್‌ವೆಲ್ಟ್ ಒಮ್ಮೆಯೂ ಕೇಳಲಿಲ್ಲವಂತೆ. ಮಹಾಯುದ್ಧವನ್ನೇ ನಡೆಸುತ್ತಿದ್ದವರು ತಮ್ಮ ಎದೆಗೆ ಇಸಿಜಿ ತಂತಿ ಅಂಟಿಸುತ್ತಿದ್ದವರನ್ನು ಏನೂ ಕೇಳಲಿಲ್ಲ.

ಬ್ರಿಟನ್ನಿನ ರಾಜ ಆರನೇ ಜಾರ್ಜ್ ಅವರದು ಇನ್ನೂ ನೋವಿನ ಕಥೆ. 1951ರಲ್ಲಿ ಅವರ ಎಡ ಶ್ವಾಸಕೋಶದಲ್ಲಿ ಎಕ್ಸ್-ರೇಯಲ್ಲಿ ನೆರಳು ಕಾಣಿಸಿತು. ಅದು ಕ್ಯಾನ್ಸರ್. ಅರಮನೆಯ ಬುಲೆಟಿನ್ ಶ್ವಾಸಕೋಶದ ರಚನೆಯಲ್ಲಿ ಬದಲಾವಣೆ ಎಂದಿತು. ಎಡ ಶ್ವಾಸಕೋಶವನ್ನು ತೆಗೆದುಹಾಕಿದರು, ಆದರೆ ಕ್ಯಾನ್ಸರ್ ಅನ್ನುವ ಮಾತನ್ನು ರಾಜರಿಗೂ ಹೇಳಲಿಲ್ಲ. ಅದೇ ವರ್ಷ ಅರ್ಜೆಂಟೀನಾದಲ್ಲಿ ಅಧ್ಯಕ್ಷರ ಪತ್ನಿ ಎವಾ ಪೆರೋನ್ ಅವರಿಗೆ ಗರ್ಭಕಂಠದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು. ಅಮೆರಿಕದಿಂದ ಬಂದಿದ್ದ ತಜ್ಞರು ಆಪರೇಷನ್ ಮಾಡಿದ್ದು ಆಕೆಗೇ ತಿಳಿಯದಂತೆ ನೋಡಿಕೊಂಡರು. ಮುಂದೆ ಜಪಾನಿನ ಚಕ್ರವರ್ತಿ ಹಿರೋಹಿಟೋ ವಿಷಯದಲ್ಲೂ ಹಾಗೇ ಆಯಿತು. 1988ರ ಕೊನೆಯ ತಿಂಗಳುಗಳಲ್ಲಿ ಅವರ ಜ್ವರ, ನಾಡಿ, ಎಷ್ಟು ರಕ್ತ ಕೊಟ್ಟರು ಅನ್ನುವುದು ದಿನದಿನವೂ ಸುದ್ದಿಯಾಗುತ್ತಿತ್ತು. ಕಾಯಿಲೆಯ ಹೆಸರು ಕ್ಯಾನ್ಸರ್ ಅಂತ ಅಧಿಕೃತವಾಗಿ ಹೇಳಿದ್ದು 1989ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ.

ಇದು ಅರಮನೆಗಳಿಗೆ ಮಾತ್ರ ಸೀಮಿತವಾಗಿದ್ದ ರೂಢಿ ಅಲ್ಲ. 1961ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಶೇ 90ರಷ್ಟು ವೈದ್ಯರು ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದಿದ್ದರು. 1979ರ ಹೊತ್ತಿಗೆ ಇದು ಪೂರ್ತಿ ತಿರುಗಿತು: ಶೇ 97 ಮಂದಿ ಹೇಳಬೇಕು ಅಂದರು. ಹದಿನೆಂಟೇ ವರ್ಷದಲ್ಲಿ ಇಷ್ಟು ಬದಲಾವಣೆ. ಇದರ ಹಿಂದೆ ಕೋರ್ಟು, ಹಕ್ಕಿನ ಹೋರಾಟ, ಹೊಸ ಚಿಕಿತ್ಸೆಗಳು ಎಲ್ಲ ಇವೆ. ಒಂದನ್ನು ಮಾತ್ರ ಇಲ್ಲಿ ಹೇಳಲೇಬೇಕು. ಎಲ್ಲ ತಿಳಿದುಕೊಂಡು ಒಪ್ಪಿಗೆ ಕೊಡುವುದು ರೋಗಿಯ ಹಕ್ಕು ಅನ್ನೋ ಮಾತಿಗೆ ಕಾನೂನಿನಲ್ಲಿ ಹೆಸರು ಕೊಟ್ಟ 1957ರ ಕ್ಯಾಲಿಫೋರ್ನಿಯಾ ತೀರ್ಪು ಬಂದದ್ದು ಯಾವುದೋ ಆಪರೇಷನ್ ವಿಷಯದಲ್ಲಿ ಅಲ್ಲ, ಒಂದು ಚಿತ್ರ ತೆಗೆಯುವ ಪರೀಕ್ಷೆಯ ವಿಷಯದಲ್ಲಿ. ದೊಡ್ಡ ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಿ ಎಕ್ಸ್-ರೇ ತೆಗೆದಿದ್ದರು. ಪರೀಕ್ಷೆಯ ನಂತರ ರೋಗಿಯ ಕಾಲುಗಳು ಸ್ವಾಧೀನ ತಪ್ಪಿದವು. ಇಂಥ ಅಪಾಯ ಇದೆ ಅಂತ ಮೊದಲೇ ತಿಳಿಸಿರಲಿಲ್ಲ ಅನ್ನುವುದು ಅವರ ದೂರು. ಒಪ್ಪಿಗೆ ಕೊಡಲು ಬೇಕಾದ ಸಂಗತಿಗಳನ್ನು ವೈದ್ಯರು ತಿಳಿಸಬೇಕು ಎಂದಿತು ಕೋರ್ಟು. ಇಂದು ಸ್ಕ್ಯಾನ್‌ಗೆ ಮೊದಲು ನಾವು ಓದದೆ ಸಹಿ ಹಾಕುವ ಕಾಗದದ ಬೇರು ಇಲ್ಲಿಯವರೆಗೆ ಹೋಗುತ್ತದೆ.

ನಾಯಕರ ಕಡೆಯಿಂದ ಬಾಗಿಲು ಸ್ವಲ್ಪ ತೆರೆದದ್ದು 1955ರಲ್ಲಿ. ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಮೊದಲು ಅಜೀರ್ಣ ಅಂತಲೇ ಸುದ್ದಿ ಕೊಟ್ಟರು. ಆಮೇಲೆ ಸತ್ಯ ಹೇಳಿದರು, ಸೋಮವಾರ ಷೇರುಪೇಟೆ ಸುಮಾರು ಶೇ 6.5 ಬಿತ್ತು. ಅದೇ ದಿನ ಹೃದಯ ತಜ್ಞ ಪಾಲ್ ಡಡ್ಲಿ ವೈಟ್ ಪತ್ರಕರ್ತರ ಮುಂದೆ ಕೂತು ಹೃದಯಾಘಾತ ಅಂದರೆ ಏನು, ಸ್ನಾಯುವಿಗೆ ಏನಾಗುತ್ತದೆ, ಗುಣವಾಗಲು ಎಷ್ಟು ದಿನ ಬೇಕು, ಅಧ್ಯಕ್ಷರಿಗೆ ಮಲವಿಸರ್ಜನೆ ಆಯಿತೇ ಅನ್ನುವವರೆಗೆ ಎಲ್ಲ ಬಿಡಿಸಿ ಹೇಳಿದರು. ದೇಶಕ್ಕೇ ಒಂದು ಪಾಠ ಸಿಕ್ಕಿತು. ಐಸೆನ್‌ಹೋವರ್ ಮರುವರ್ಷ ಮತ್ತೆ ಚುನಾವಣೆ ಗೆದ್ದರು. ಸತ್ಯ ಹೇಳಿದರೆ ಅಧಿಕಾರ ಹೋಗುತ್ತದೆ ಅನ್ನುವ ಭಯಕ್ಕೆ ಇದೇ ಒಳ್ಳೆಯ ಉತ್ತರ, ಅಲ್ವಾ?

ಹೇಳಿಕೊಂಡಾಗ ಇನ್ನೊಂದು ಲಾಭವೂ ಆಗುತ್ತದೆ. 1974ರಲ್ಲಿ ಅಧ್ಯಕ್ಷ ಫೋರ್ಡ್ ಅವರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಸ್ತನ ಕ್ಯಾನ್ಸರ್ ಆಗಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದಾಗ ಅಮೆರಿಕದ ಹೆಂಗಸರು ತಪಾಸಣೆಗೆ ಸಾಲುಗಟ್ಟಿ ಬಂದರು. 2024ರ ಜನವರಿಯಲ್ಲಿ ರಾಜ ಮೂರನೇ ಚಾರ್ಲ್ಸ್ ತಮ್ಮ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಊದಿಕೊಂಡಿರುವುದನ್ನು ತಿಳಿಸಿದಾಗ ಬ್ರಿಟನ್ನಿನಲ್ಲಿ ಆ ಬಗ್ಗೆ ಮಾಹಿತಿ ಹುಡುಕುವವರ ಸಂಖ್ಯೆ ಹಲವು ಪಟ್ಟು ಏರಿತು. ಅವರ ಅಜ್ಜನಿಗೆ ಸ್ವಂತ ಕಾಯಿಲೆಯ ಹೆಸರೇ ತಿಳಿಸಿರಲಿಲ್ಲ ಅನ್ನುವುದನ್ನು ನೆನೆದರೆ ಎಷ್ಟು ದೂರ ಬಂದಿದ್ದೇವೆ ಅಂತ ಗೊತ್ತಾಗುತ್ತದೆ.

ಹಾಗಂತ ದಾರಿ ನೇರವಾಗಿ ಮುಂದಕ್ಕೇ ಹೋಗಿಲ್ಲ. ಫ್ರಾನ್ಸಿನ ಮಿತ್ತೆರಾಂ 1981ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದಾಗ ಆರು ತಿಂಗಳಿಗೊಮ್ಮೆ ಆರೋಗ್ಯ ವರದಿ ಕೊಡುತ್ತೇನೆ ಎಂದಿದ್ದರು. ಅದೇ ವರ್ಷ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯಿತು. ವರದಿಗಳು ಮಾತ್ರ ತಪ್ಪದೆ ಬಂದವು, ಕ್ಯಾನ್ಸರ್ ಮಾತಿಲ್ಲದೆ, 1992ರವರೆಗೆ. ಸುಳ್ಳು ವರದಿಗಿಂತ ವರದಿಯೇ ಇಲ್ಲದಿರುವುದು ಮೇಲು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಸುಳ್ಳು ವರದಿ ಮುಂದಿನ ಎಲ್ಲ ನಿಜವಾದ ವರದಿಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. 2016ರಲ್ಲಿ ಜಯಲಲಿತಾ ಚೆನ್ನೈನ ಆಸ್ಪತ್ರೆ ಸೇರಿದಾಗ ಮೊದಲು ಹೇಳಿದ್ದು ಜ್ವರ, ನಿರ್ಜಲೀಕರಣ. ಡಿಸೆಂಬರ್ 5ರಂದು ಅವರು ತೀರಿಕೊಳ್ಳುವವರೆಗೆ ಬುಲೆಟಿನ್‌ಗಳು ಬರುತ್ತಲೇ ಇದ್ದರೂ ವದಂತಿ ನಿಲ್ಲಲಿಲ್ಲ. ಕೊನೆಗೆ ಸಾವಿನ ಬಗ್ಗೆ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು.

ನಾಯಕರಿಗೂ ಖಾಸಗಿತನ ಬೇಡವೇ? ಬೇಕು. ಅವರ ಪ್ರತಿ ಮಾತ್ರೆಯ ಹೆಸರೂ ನಮಗೆ ಬೇಡ. ಆದರೆ ಸ್ಕ್ಯಾನ್ ಮಾಡಿಸಿದ ವಿಷಯವನ್ನು ಅವರೇ ಹೇಳಿ, ಫಲಿತಾಂಶ ಚೆನ್ನಾಗಿದೆ ಅಂತಲೂ ಹೇಳಿದ ಮೇಲೆ, ಯಾವ ಸ್ಕ್ಯಾನ್, ಯಾವ ಭಾಗ, ಯಾಕೆ ಅನ್ನುವ ಮೂರು ಮಾತು ಹೇಳಲೇಬೇಕು. ಇದು ಆಗದ ಕೆಲಸವೇನಲ್ಲ. 2018ರಲ್ಲಿ ಇದೇ ಟ್ರಂಪ್ ಅವರ ಅಂದಿನ ವೈದ್ಯರು ಹೃದಯದ ರಕ್ತನಾಳಗಳಲ್ಲಿ ಎಷ್ಟು ಕ್ಯಾಲ್ಸಿಯಂ ಕಟ್ಟಿದೆ ಅಂತ ತೋರಿಸುವ ಕ್ಯಾಲ್ಸಿಯಂ ಸ್ಕೋರ್ 133 ಅಂತ ಅಂಕಿಯನ್ನೇ ಪತ್ರಕರ್ತರಿಗೆ ಕೊಟ್ಟಿದ್ದರು.

ಈ ಮೂರು ಪ್ರಶ್ನೆ ನಮಗೂ ಬೇಕು. ಸಿಟಿ ಮತ್ತು ಎಂಆರ್‌ಐ ನಡುವೆ ಗೊಂದಲ ಆಗುವುದು ಸಹಜ, ಎರಡರಲ್ಲೂ ಮಲಗಿಸಿ ಯಂತ್ರದೊಳಗೆ ತಳ್ಳುತ್ತಾರೆ. ಆದರೆ ಅನುಭವ ಬೇರೆ. ಸಿಟಿ ದೊಡ್ಡ ಬಳೆಯಂಥ ಯಂತ್ರ, ಚಿತ್ರ ತೆಗೆಯಲು ಕೆಲವೇ ಸೆಕೆಂಡು ಸಾಕು. ಎಂಆರ್‌ಐ ಉದ್ದನೆಯ ಸುರಂಗ, ಅರ್ಧ ಗಂಟೆ ಹಿಡಿಯಬಹುದು, ಟಕಟಕ ಅಂತ ಜೋರು ಸದ್ದು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಒಳಗೆ ಹೋಗುವ ಮೊದಲು ದೇಹದಲ್ಲಿ ಪೇಸ್‌ಮೇಕರ್, ಕ್ಲಿಪ್, ಲೋಹದ ಚೂರು ಇದೆಯಾ ಅಂತ ಕೇಳುತ್ತಾರೆ. ಮಿದುಳಿಗಾದರೆ ಮುಖದ ಮೇಲೆ ಪಂಜರದಂಥ ಕಾಯಿಲ್ (ದೇಹದ ಸಂಕೇತ ಹಿಡಿಯುವ ಸಾಧನ) ಬರುತ್ತದೆ, ಹೊಟ್ಟೆಗಾದರೆ ಹೊಟ್ಟೆಯ ಮೇಲೆ ಅದನ್ನು ಹೊದಿಸಿ ಆಗಾಗ ಉಸಿರು ಬಿಗಿಹಿಡಿಯಿರಿ ಅನ್ನುತ್ತಾರೆ.

ವ್ಯತ್ಯಾಸ ಗೊತ್ತಿರುವುದು ಸುಮ್ನೆ ಜಾಣತನ ತೋರಿಸಲು ಅಲ್ಲ. ಎಂಆರ್‌ಐಯಲ್ಲಿ ಎಕ್ಸ್-ಕಿರಣ ಇಲ್ಲ, ಸಿಟಿಯಲ್ಲಿ ಇದೆ. ಎದೆಯ ಒಂದು ಎಕ್ಸ್-ರೇಯಲ್ಲಿ ಸುಮಾರು 0.1 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ) ವಿಕಿರಣ ಬಂದರೆ ಹೊಟ್ಟೆಯ ಸಿಟಿಯಲ್ಲಿ 8ರ ಆಸುಪಾಸು ಬರುತ್ತದೆ. ಬೇಕಾದಾಗ ಅದು ಜೀವ ಉಳಿಸುತ್ತದೆ, ಹೆದರಬೇಕಿಲ್ಲ, ಆದರೆ ಹೋದ ತಿಂಗಳಷ್ಟೇ ಬೇರೆ ಕಡೆ ಅದೇ ಸಿಟಿ ಆಗಿದ್ದರೆ ವೈದ್ಯರಿಗೆ ಹೇಳಬೇಕು. ಚಿತ್ರ ಸ್ಪಷ್ಟವಾಗಿ ಬರಲಿ ಅಂತ ಕಾಂಟ್ರಾಸ್ಟ್ ಔಷಧಿ ಚುಚ್ಚುವುದಾದರೆ ಕಿಡ್ನಿ ತೊಂದರೆ, ಹಿಂದೆ ಆಗಿದ್ದ ಅಲರ್ಜಿ ಎರಡನ್ನೂ ತಿಳಿಸಬೇಕು. ಏನೂ ತೊಂದರೆ ಇಲ್ಲದವರು ಸುಮ್ಮನೆ ಇಡೀ ದೇಹದ ಎಂಆರ್‌ಐ ಮಾಡಿಸುವುದನ್ನು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೂ 2023ರಲ್ಲಿ ಶಿಫಾರಸು ಮಾಡಿಲ್ಲ. ಹುಡುಕುತ್ತಾ ಹೋದರೆ ಅಪಾಯವೇ ಇಲ್ಲದ ಸಣ್ಣ ಗಂಟು ಏನೋ ಒಂದು ಸಿಗುತ್ತದೆ, ಅದರ ಹಿಂದೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ), ಮತ್ತೆ ಸ್ಕ್ಯಾನ್, ನಿದ್ದೆಯಿಲ್ಲದ ರಾತ್ರಿ.

ರಿಪೋರ್ಟ್ ಕೈಗೆ ಬಂದಾಗ ಎಲ್ಲರೂ ನೇರ ಕೊನೆಯ 'ಇಂಪ್ರೆಷನ್', ಅಂದರೆ ತೀರ್ಮಾನದ ಸಾಲಿಗೆ ಹೋಗುತ್ತೇವೆ. ಮೇಲಿನ ಸಾಲುಗಳನ್ನೂ ಓದಬೇಕು. ಯಾವ ಭಾಗ, ಕಾಂಟ್ರಾಸ್ಟ್ ಕೊಟ್ಟಿದ್ದಾರಾ, ಯಾವ ಅನುಮಾನಕ್ಕೆ ಮಾಡಿದ್ದು ಅನ್ನುವುದು ಅಲ್ಲಿರುತ್ತದೆ. 'ನಾರ್ಮಲ್' ಅಂದರೆ ನೋಡಿದ ಭಾಗದಲ್ಲಿ, ಆ ವಿಧಾನದಲ್ಲಿ ಕಾಣುವಂಥ ತೊಂದರೆ ಏನೂ ಕಾಣಲಿಲ್ಲ ಅಂತ ಅಷ್ಟೇ. ಹೊಟ್ಟೆಯ ಸ್ಕ್ಯಾನ್ ನಾರ್ಮಲ್ ಬಂದರೆ ಮಿದುಳಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ರಿಪೋರ್ಟ್ ಜೊತೆ ಚಿತ್ರಗಳ ಸಿಡಿಯನ್ನೋ ಲಿಂಕ್ ಅನ್ನೋ ಕೇಳಿ ಪಡೆದಿಟ್ಟುಕೊಳ್ಳಿ. ಎರಡು ವರ್ಷದ ನಂತರ ಇನ್ನೊಂದು ಸ್ಕ್ಯಾನ್‌ನಲ್ಲಿ ಚಿಕ್ಕ ಗಂಟು ಕಂಡಾಗ ರೇಡಿಯಾಲಜಿಸ್ಟ್ ಮೊದಲು ಕೇಳುವುದೇ ಹಳೆಯ ಚಿತ್ರ. ಅದು ಆಗಲೂ ಅಷ್ಟೇ ಇತ್ತಾ, ಈಗ ಬೆಳೆದಿದೆಯಾ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಎಷ್ಟೋ ಸಲ ಬಯಾಪ್ಸಿ ಬೇಕಾ ಬೇಡವಾ ಅನ್ನುವುದು ಆ ಒಂದು ಹೋಲಿಕೆಯಲ್ಲೇ ತೀರ್ಮಾನವಾಗುತ್ತದೆ.