ಒಂದೇ ಬೀದಿಯಲ್ಲಿ ಎರಡು ಏಕಾದಶಿ: ತಿಥಿ ನಿರ್ಣಯದ ಅಧ್ಯಯನ ಟಿಪ್ಪಣಿ

ಸ್ಮಾರ್ತರ ಮನೆಯಲ್ಲಿ ಗುರುವಾರ ಏಕಾದಶಿಯ ಉಪವಾಸ, ಪಕ್ಕದ ಮಾಧ್ವರ ಮನೆಯಲ್ಲಿ ಶುಕ್ರವಾರ. ವರ್ಷದಲ್ಲಿ ಕೆಲವು ಸಲ ಹೀಗಾಗುತ್ತದೆ, ಎರಡೂ ಮನೆಗಳಲ್ಲಿ ಒಂದೇ ಪಂಚಾಂಗವಿದ್ದರೂ ಆಗುತ್ತದೆ. ಇದರ ಹಿಂದೆ ಖಚಿತವಾದ ಲೆಕ್ಕವಿದೆ. ಪಂಚಾಂಗ ಓದಲು ನನ್ನಂತೆ ಈಗಷ್ಟೇ ಕಲಿಯುತ್ತಿರುವವರಿಗೆ ಆ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಉಳಿದ ವ್ರತಗಳ ನಿರ್ಣಯವೂ ಸುಲಭವಾಗುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆದಿಡುತ್ತಿದ್ದೇನೆ. ಮಾಸ, ಪಕ್ಷಗಳ ವಿವರ ಎಲ್ಲರಿಗೂ ತಿಳಿದಿರುವುದರಿಂದ ನೇರವಾಗಿ ತಿಥಿಗೆ ಬರೋಣ.

ತಿಥಿ ಮತ್ತು ಘಟಿ

ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸಾಗಲು ತೆಗೆದುಕೊಳ್ಳುವ ಕಾಲವೇ ಒಂದು ತಿಥಿ. ಚಂದ್ರನ ಗತಿ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ತಿಥಿಯು ಸುಮಾರು 19 ಗಂಟೆಗಳಷ್ಟು ಕಿರಿದಾಗಿಯೂ 26 ಗಂಟೆಗಳಿಗಿಂತ ದೀರ್ಘವಾಗಿಯೂ ಇರಬಹುದು, ಮತ್ತು ಹಗಲು ರಾತ್ರಿಯ ಯಾವ ಕ್ಷಣದಲ್ಲಾದರೂ ಆರಂಭವಾಗಬಹುದು. ವಾರ ಮಾತ್ರ ಸೂರ್ಯೋದಯಕ್ಕೇ ಬದಲಾಗುತ್ತದೆ. ಪಂಚಾಂಗದ ಸಾಲಿನಲ್ಲಿ ಕಾಣುವುದು ಆ ದಿನದ ಸೂರ್ಯೋದಯಕ್ಕೆ ಇರುವ ತಿಥಿ, ಮತ್ತು ಅದರ ಮುಂದಿನ ಅಂಕಿ ಸೂರ್ಯೋದಯದಿಂದ ಎಷ್ಟು ಘಟಿ ವಿಘಟಿಗಳವರೆಗೆ ಆ ತಿಥಿ ಉಳಿಯುತ್ತದೆ ಎಂಬುದು. ಒಂದು ಘಟಿಗೆ 24 ನಿಮಿಷ ಅಥವಾ 60 ವಿಘಟಿ, ಒಂದು ಅಹೋರಾತ್ರಿಗೆ 60 ಘಟಿ. ಘಟಿಯನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಏಕಾದಶಿ 12-30 ಎಂದಿದ್ದರೆ ಹನ್ನೆರಡೂವರೆ ಘಟಿ, ಅಂದರೆ 5 ಗಂಟೆ. ಸೂರ್ಯೋದಯ 6-20ಕ್ಕೆ ಇದ್ದಲ್ಲಿ ಬೆಳಿಗ್ಗೆ 11-20ಕ್ಕೆ ಏಕಾದಶಿ ಮುಗಿಯುತ್ತದೆ.

ಹಾಗಾದರೆ ಒಂದು ದಿನದಲ್ಲಿ ಎರಡು ತಿಥಿಗಳಿದ್ದಾಗ ಯಾವುದನ್ನು ಹಿಡಿಯಬೇಕು? ಆ ಕರ್ಮಕ್ಕೆ ಹೇಳಿದ ಕಾಲದಲ್ಲಿ ಯಾವ ತಿಥಿ ವ್ಯಾಪಿಸಿದೆಯೋ ಅದನ್ನು. ವಿನಾಯಕ ಚೌತಿಗೆ ಮಧ್ಯಾಹ್ನ, ಸಂಕಷ್ಟಿಗೆ ಚಂದ್ರೋದಯ, ಮಹಾಶಿವರಾತ್ರಿಗೆ ನಡುರಾತ್ರಿಯ ನಿಶೀಥ ಕಾಲ, ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಪ್ರದೋಷ, ವಾರ್ಷಿಕ ಶ್ರಾದ್ಧಕ್ಕೆ ಅಪರಾಹ್ಣ. ಕ್ಯಾಲೆಂಡರಿನಲ್ಲಿ ತೃತೀಯಾ ಎಂದಿರುವ ದಿನದಲ್ಲೇ ಸಂಕಷ್ಟಿ ಎಂದೂ ಇರುವುದು ಇದರಿಂದಲೇ. ಬೆಳಿಗ್ಗೆ ತೃತೀಯಾ ಇದ್ದರೂ ರಾತ್ರಿ ಚಂದ್ರನು ಹುಟ್ಟುವ ಹೊತ್ತಿಗೆ ಚತುರ್ಥಿ ಬಂದಿರುತ್ತದೆ.

ದಶಮೀ ವೇಧ

ಏಕಾದಶಿಯಲ್ಲಿ ಇಷ್ಟರಿಂದ ಕೆಲಸ ಮುಗಿಯುವುದಿಲ್ಲ. ಇಲ್ಲಿ ಏಕಾದಶಿ ಇದೆಯೇ ಎಂಬುದರ ಜೊತೆಗೆ ದಶಮಿ ತಾಗಿದೆಯೇ ಎಂಬುದನ್ನೂ ನೋಡಬೇಕು. ಹೀಗೆ ದಶಮಿ ತಾಗುವುದನ್ನೇ ವೇಧ ಎನ್ನುತ್ತಾರೆ. ಅದು ಯಾವ ಕ್ಷಣದಲ್ಲಿ ತಾಗಿದರೆ ದೋಷ ಎಂಬಲ್ಲಿ ಸಂಪ್ರದಾಯಗಳು ಬೇರೆಯಾಗುತ್ತವೆ. ಸ್ಮಾರ್ತರಿಗೆ ಸೂರ್ಯೋದಯವೇ ಗಡಿ, ಆ ಕ್ಷಣಕ್ಕೆ ದಶಮಿ ಮುಗಿದಿದ್ದರೆ ಸಾಕು. ಮಾಧ್ವರು ಸೇರಿದಂತೆ ವೈಷ್ಣವರಿಗೆ ಅರುಣೋದಯ ಗಡಿ. ಅರುಣೋದಯವೆಂದರೆ ಸೂರ್ಯೋದಯಕ್ಕೆ ಹಿಂದಿನ 4 ಘಟಿ, ಅಂದರೆ 96 ನಿಮಿಷ. ಅಷ್ಟರೊಳಗೆ ದಶಮಿಯ ಸ್ಪರ್ಶವಾದರೂ ಆ ಏಕಾದಶಿ ವಿದ್ಧವಾಯಿತೆಂದು ಅದನ್ನು ಬಿಟ್ಟು ಮರುದಿನ ಉಪವಾಸ ಮಾಡುತ್ತಾರೆ.

ಇದರ ಹಿಂದಿನ ಭಾವನೆಯನ್ನು ಹಿಡಿದರೆ ನಿಯಮವು ಮನಸ್ಸಿನಲ್ಲಿ ನಿಲ್ಲುತ್ತದೆ. ದಶಮಿಯಂದು ಒಪ್ಪತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಮತ್ತೆ ಒಪ್ಪತ್ತು ಎಂಬ ದಿನತ್ರಯದ ವ್ರತದಲ್ಲಿ ಹರಿದಿನವು ಆರಂಭವಾಗುವುದು ಸೂರ್ಯನು ಕಂಡಾಗಲ್ಲ. ಭಕ್ತನು ಎದ್ದು, ಮಿಂದು, ದೇವರ ಮುಂದೆ ನಿಲ್ಲುವ ಅರುಣೋದಯದಲ್ಲೇ ಆರಂಭವಾಗುತ್ತದೆ. ಆ ಹೊತ್ತಿಗೂ ದಶಮಿ ಉಳಿದಿದ್ದರೆ ವ್ರತದ ಮೊದಲ ಗಳಿಗೆಯೇ ಅನ್ಯ ತಿಥಿಗೆ ಸೇರಿಬಿಡುತ್ತದೆ.

ಈಗ ಅಂಕಿಗಳಲ್ಲಿ ನೋಡೋಣ. ಬೆಂಗಳೂರಿನಲ್ಲಿ ಸೂರ್ಯೋದಯ 6-30 ಎಂದಿಟ್ಟುಕೊಂಡರೆ ಅರುಣೋದಯ 4-54ಕ್ಕೆ. ಬುಧವಾರದ ಸಾಲಿನಲ್ಲಿ ದಶಮಿ 57-55 ಎಂದಿದೆ. ಅಂದರೆ ಬುಧವಾರದ ಸೂರ್ಯೋದಯದಿಂದ 23 ಗಂಟೆ 10 ನಿಮಿಷ ಕಳೆದು, ಗುರುವಾರ ಬೆಳಗಿನ ಜಾವ 5-40ಕ್ಕೆ ದಶಮಿ ಮುಗಿಯುತ್ತದೆ. 6-30ಕ್ಕೆ ಏಕಾದಶಿ ಬಂದಿರುವುದರಿಂದ ಸ್ಮಾರ್ತರಿಗೆ ಗುರುವಾರವೇ ಉಪವಾಸ. ಆದರೆ 4-54ರಿಂದ 5-40ರವರೆಗೆ ದಶಮಿ ಇದ್ದದ್ದರಿಂದ ಮಾಧ್ವರಿಗೆ ಶುಕ್ರವಾರ, ಆ ದಿನ ಸೂರ್ಯೋದಯಕ್ಕೆ ದ್ವಾದಶಿಯೇ ಇದ್ದರೂ ಸರಿ.

ಹೀಗಾಗಿ ನನಗೆ ಅತ್ಯಂತ ಪ್ರಿಯವಾದ ಸುಲಭೋಪಾಯವೆಂದರೆ ಏಕಾದಶಿಯ ಸಾಲನ್ನು ಬಿಟ್ಟು ದಶಮಿಯ ಸಾಲನ್ನು ನೋಡುವುದು. ಅಲ್ಲಿ 56 ಘಟಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಎಲ್ಲರಿಗೂ ಮರುದಿನವೇ ಏಕಾದಶಿ. 56ನ್ನು ದಾಟಿ 60ರೊಳಗಿದ್ದರೆ ಎರಡು ಮನೆಗಳಲ್ಲಿ ಎರಡು ದಿನ. 60ನ್ನೂ ದಾಟಿ ಮರುದಿನದ ಸೂರ್ಯೋದಯಕ್ಕೂ ದಶಮಿ ಉಳಿದಿದ್ದರೆ ಆ ದಿನ ಯಾರಿಗೂ ಇಲ್ಲ, ಮತ್ತೆ ಎಲ್ಲರೂ ಒಂದೇ ದಿನಕ್ಕೆ ಬರುತ್ತಾರೆ. ಏಕಾದಶಿಯಾಗಲಿ ದ್ವಾದಶಿಯಾಗಲಿ ಎರಡು ಸೂರ್ಯೋದಯಗಳಿಗೆ ಹಬ್ಬಿದಾಗ ಮಾತ್ರ ಬೇರೆ ನಿಯಮಗಳು ಸೇರಿಕೊಳ್ಳುವುದರಿಂದ, ಅಂಥ ದಿನಗಳಲ್ಲಿ ತಮ್ಮ ತಮ್ಮ ಮಠದ ಪಂಚಾಂಗದ ನಿರ್ಣಯವನ್ನೇ ಅನುಸರಿಸುವುದು ಉಚಿತ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇದೇ ಲೆಕ್ಕ ಬೇರೆ ಫಲ ಕೊಡುತ್ತದೆ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಆದರೆ ಸೂರ್ಯೋದಯ ಊರೂರಿಗೆ ಬೇರೆ. ಮೇಲಿನ ಉದಾಹರಣೆ ಚಳಿಗಾಲದ್ದಾದರೆ, ಬೆಂಗಳೂರಿನ ಗುರುವಾರದ 5-40 ನ್ಯೂಜೆರ್ಸಿಯಲ್ಲಿ ಬುಧವಾರ ಸಂಜೆಯ 7-10. ಅಲ್ಲಿ ಗುರುವಾರದ ಅರುಣೋದಯಕ್ಕೆ ಬಹಳ ಮೊದಲೇ ದಶಮಿ ಕಳೆದಿರುವುದರಿಂದ ವೇಧವೇ ಇಲ್ಲ, ಸ್ಮಾರ್ತರೂ ಮಾಧ್ವರೂ ಗುರುವಾರವೇ ಉಪವಾಸ ಮಾಡಬಹುದು. ಊರಿನ ಪಂಚಾಂಗದ ತಾರೀಖನ್ನು ಹಾಗೆಯೇ ಅಲ್ಲಿಗೆ ಒಯ್ಯಬಾರದೆಂದು ಹಿರಿಯರು ಹೇಳುವುದು ಇದಕ್ಕಾಗಿ.

ಪಾರಣೆ

ಉಪವಾಸದಷ್ಟೇ ಪಾರಣೆಯೂ, ಅಂದರೆ ಉಪವಾಸ ಮುಗಿಸುವ ಊಟವೂ, ವ್ರತದ ಅಂಗ. ದ್ವಾದಶಿ ಮುಗಿಯುವುದರೊಳಗೆ ಊಟವಾಗಬೇಕು. ದ್ವಾದಶಿಯ ಮೊದಲ ಕಾಲು ಭಾಗವು ಹರಿವಾಸರವಾದ್ದರಿಂದ ಅದು ಕಳೆಯುವವರೆಗೆ ಉಣ್ಣಬಾರದು. ನಮ್ಮ ಉದಾಹರಣೆಯಲ್ಲಿ ದ್ವಾದಶಿ ಶುಕ್ರವಾರ ಬೆಳಗಿನ ಜಾವ 4-50ಕ್ಕೆ ಬಂದು 23 ಗಂಟೆ ಇದ್ದರೆ, ಅದರ ಕಾಲು ಭಾಗ 5 ಗಂಟೆ 45 ನಿಮಿಷ. ಆದ್ದರಿಂದ ಸ್ಮಾರ್ತರ ಪಾರಣೆ ಶುಕ್ರವಾರ 10-35ರ ನಂತರ. ದ್ವಾದಶಿಯಂದೇ ಉಪವಾಸವಿದ್ದ ಮಾಧ್ವರ ಪಾರಣೆ ಶನಿವಾರ ತ್ರಯೋದಶಿಯಲ್ಲಿ ಆಗುತ್ತದೆ, ವೇಧದಿಂದ ದಿನ ಬದಲಾದಾಗ ಇದಕ್ಕೆ ಶಾಸ್ತ್ರದ ಸಮ್ಮತಿಯಿದೆ.

ದ್ವಾದಶಿ ತಪ್ಪಬಾರದೆಂಬ ಕಾಳಜಿ ಎಷ್ಟು ಆಳವಾದದ್ದೆಂಬುದಕ್ಕೆ ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷನ ಕಥೆಯಿದೆ. ಅತಿಥಿಯಾಗಿ ಬಂದ ದೂರ್ವಾಸರು ನದಿಗೆ ಸ್ನಾನಕ್ಕೆ ಹೋಗಿ ತಡಮಾಡಿದಾಗ, ಅತಿಥಿಗಿಂತ ಮೊದಲು ಉಣ್ಣಲೂ ಆಗದೆ, ದ್ವಾದಶಿಯನ್ನು ಮೀರಲೂ ಆಗದೆ, ರಾಜನು ಬ್ರಾಹ್ಮಣರನ್ನು ಕೇಳಿ ನೀರನ್ನಷ್ಟೇ ಕುಡಿದನು. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು. ಇಂದಿಗೂ ಸೂರ್ಯೋದಯದ ನಂತರ ದ್ವಾದಶಿ ಸ್ವಲ್ಪವೇ ಉಳಿದಿರುವ ಸಾಧನೆ ದ್ವಾದಶಿಯ ದಿನ ಮಾಧ್ವರ ಮನೆಗಳಲ್ಲಿ ನಸುಕಿಗೇ ಒಲೆ ಹಚ್ಚಿ, ಪೂಜೆ ನೈವೇದ್ಯಗಳನ್ನು ಮುಗಿಸಿ, ಬೆಳಕು ಹರಿಯುವಷ್ಟರಲ್ಲಿ ಎಲೆ ಹಾಕುತ್ತಾರೆ. ಬಡಿಸುವ ಅಡುಗೆಯಲ್ಲಿ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಇರುವುದು ವಾಡಿಕೆ. ಚಾತುರ್ಮಾಸ್ಯದ ಶಾಕವ್ರತದ ತಿಂಗಳಲ್ಲಿ ಮಾತ್ರ ಸೊಪ್ಪಿಲ್ಲ.