ಮಸಿಯಿಲ್ಲದ ಹಚ್ಚೆ

ನಮ್ಮ ಅಜ್ಜಿಯ ಬಲಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ ಇತ್ತು. ಗದಗ ಕಡೆಯ ತವರೂರಿನಲ್ಲಿ, ಮದುವೆ ಗಟ್ಟಿಯಾದ ವರ್ಷ, ಮನೆ ಮುಂದೆ ಬಂದ ಕೊರವರ ಹೆಣ್ಣುಮಗಳು ಮೂರ್ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ, ದೀಪದ ಮಸಿಯಲ್ಲಿ ಅದ್ದಿ ಅದ್ದಿ ಚುಚ್ಚಿದ್ದಳಂತೆ. ನಾನು ನೋಡುವ ಹೊತ್ತಿಗೆ ಅದು ಹಸಿರುಗಪ್ಪಾಗಿ ಅಂಚು ಕಲಸಿದಂತಾಗಿತ್ತು, ಅಳಿಸಿರಲಿಲ್ಲ. ಎಂಬತ್ತು ದಾಟಿ ತೀರಿಕೊಂಡಾಗಲೂ ತುಳಸಿಕಟ್ಟೆ ಅಲ್ಲೇ ಇತ್ತು.

ಚರ್ಮದ ಮೇಲ್ಪದರ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಳೆಯ ಜೀವಕೋಶಗಳು ಉದುರುತ್ತವೆ, ಅಡಿಯಿಂದ ಹೊಸವು ಮೇಲೆ ಬರುತ್ತವೆ. ಹಾಗಿರುವಾಗ ಅರವತ್ತು ವರ್ಷದ ಹಿಂದಿನ ಮಸಿ ಹೇಗೆ ಉಳಿಯಿತು? ಸೂಜಿ ಆ ಮೇಲ್ಪದರವನ್ನು ದಾಟಿ ಕೆಳಗಿನ ಒಳಚರ್ಮಕ್ಕೆ, ಅಂದರೆ ಡರ್ಮಿಸ್‌ಗೆ ಹೋಗಿತ್ತು. ಅಲ್ಲಿನ ಕಾವಲು ಕೋಶಗಳು ಮಸಿಯನ್ನು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಪಕ್ಕದ ಇನ್ನೊಂದು ಎತ್ತಿಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಮುಖದ ಮೇಲ್ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು, ನೋಟ್‌ಬುಕ್ಕಿನ ಒಂದು ಹಾಳೆಯಷ್ಟು. ಅದರ ಕೆಳಗೆ ಒಂದರಿಂದ ಎರಡು ಮಿಲಿಮೀಟರ್ ಒಳಚರ್ಮ. ಮೊಡವೆ ಮಾಗಿದ ಮೇಲೆ ಕೆನ್ನೆಯಲ್ಲಿ ಉಳಿಯುವ ಕುಳಿ ಇರುವುದೂ ಆ ಒಳಚರ್ಮದಲ್ಲೇ. ಹಾಳೆಯ ಮೇಲೆ ಎಷ್ಟು ಕ್ರೀಮ್ ಬಳಿದರೂ ಕೆಳಗಿನ ಕುಳಿ ತುಂಬದಿರುವುದಕ್ಕೆ ಕಾರಣ ಇದು.

ಈ ಹಚ್ಚೆ ನೆನಪಾಗಿದ್ದು ನನ್ನ ಅಕ್ಕನ ಮಗನ ದೆಸೆಯಿಂದ. ಹಾವೇರಿ ಕಡೆಯ ಹಳ್ಳಿಯ ಹುಡುಗ, ಸ್ಪರ್ಧಾತ್ಮಕ ಪರೀಕ್ಷೆಗೆಂದು ಧಾರವಾಡದಲ್ಲಿ ರೂಮು ಮಾಡಿಕೊಂಡಿದ್ದಾನೆ. ಎರಡೂ ಕೆನ್ನೆ ತುಂಬ ಮೊಡವೆ ಬಿಟ್ಟುಹೋದ ಕುಳಿಗಳು. ಕೋಚಿಂಗ್ ಕ್ಲಾಸಿನಲ್ಲಿ ಕಡೆಯ ಸಾಲು, ಫೋಟೊ ತೆಗೆದರೆ ಕೈ ಗಲ್ಲದ ಮೇಲೆ. ಒಂದು ಭಾನುವಾರ ಊಟಕ್ಕೆ ಬಂದವನು ಕೇಳಿದ: "ಮೌಶಿ, ಸೂಜಿ ಚುಚ್ಚಿದ್ರ ಕಲೆ ಹೋಗ್ತಾವಂತ, ಖರೇನ?" ಕೇಳುವ ಮೊದಲೇ ಆನ್‌ಲೈನ್‌ನಲ್ಲಿ ಸಣ್ಣ ಸೂಜಿಗಳ ಒಂದು ರೋಲರ್ ತರಿಸಿ, ಹಸಿ ಮೊಡವೆಗಳ ಮೇಲೆಯೇ ಉರುಳಿಸಿಕೊಂಡಿದ್ದ. ಅದನ್ನೇ ರೂಮಿನ ಗೆಳೆಯನೂ ಬಳಸಿದ್ದ. ಬಲಗೆನ್ನೆಯಲ್ಲಿ ನಾಲ್ಕೈದು ಕಡೆ ಕೀವು ಕಟ್ಟಿತ್ತು. ಅಂದು ನಾನು ಅವನನ್ನು ಬೈಯಲಿಲ್ಲ. ಇಪ್ಪತ್ತೆರಡರ ಹುಡುಗನಿಗೆ ಕನ್ನಡಿಯ ಮುಂದೆ ಆಗುವ ಸಂಕಟ ಸಣ್ಣದಲ್ಲ. "ಗಂಡಸಿಗ್ಯಾಕ ಚೆಂದ" ಎಂದು ಮನೆಯವರು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಣ್ಣ ಸೂಜಿಗಳಿಂದ ಚುಚ್ಚುವ ಈ ಚಿಕಿತ್ಸೆಯ ಹೆಸರು ಮೈಕ್ರೋನೀಡ್ಲಿಂಗ್. ಅವನ ಪ್ರಶ್ನೆಗೆ ಉತ್ತರ: ಖರೆ, ಆದರೆ ಕಲೆಯನ್ನು ಸರಿಮಾಡುವುದು ಸೂಜಿಯಲ್ಲ. ಸೂಜಿ ಕರೆ ಕೊಡುತ್ತದೆ, ಕೆಲಸ ಮಾಡುವುದು ಮೈ.

ಕುಳಿ ಹೇಗೆ ಆಯಿತು ಎಂಬಲ್ಲಿಂದ ನೋಡಬೇಕು. ಬೆಟಗೇರಿಯ ಕೈಮಗ್ಗದ ಮುಂದೆ ನಿಂತವರಿಗೆ ಗೊತ್ತು, ಬಟ್ಟೆಯ ಗಟ್ಟಿತನ ಹಾಸು ಹೊಕ್ಕಿನಲ್ಲಿದೆ. ನಮ್ಮ ಒಳಚರ್ಮವೂ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನೇಯ್ಗೆ, ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಮೊಡವೆ ಆಳಕ್ಕಿಳಿದು ಉರಿಯೂತವಾದಾಗ, ರೋಗಾಣುಗಳ ಮೇಲೆ ಏರಿಬಂದ ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳು ಅಕ್ಕಪಕ್ಕದ ಕೊಲಾಜೆನ್ನನ್ನೂ ಕರಗಿಸಿಬಿಡುತ್ತವೆ. ರಿಪೇರಿಗೆ ಬಂದ ಕೋಶಗಳು ಅವಸರದಲ್ಲಿ ಎಳೆಗಳನ್ನು ಒಂದೇ ದಿಕ್ಕಿಗೆ ಹಾಸಿ ಬಾಯಿ ಮುಚ್ಚುತ್ತವೆ. ಹರಿದ ಸೀರೆಗೆ ಹೊಕ್ಕಿಲ್ಲದೆ ಬರೀ ಹಾಸಿನ ತೇಪೆ ಹಾಕಿದಂತೆ. ಹೋದಷ್ಟು ಕೊಲಾಜೆನ್ ಮರಳಿ ತುಂಬದಿದ್ದರೆ ಆ ಜಾಗ ಕುಸಿಯುತ್ತದೆ. ಚಿಕನ್‌ಪಾಕ್ಸ್ ಗುಳ್ಳೆ ಚಿವುಟಿದ ಮಕ್ಕಳ ಹಣೆಯ ಮೇಲಿನ ಗುಂಡಿಯ ಕಥೆಯೂ ಇದೇ.

ಮೈಕ್ರೋನೀಡ್ಲಿಂಗ್ ಹುಟ್ಟಿದ ರೀತಿ ನನಗೆ ಬಹಳ ಇಷ್ಟ, ಏಕೆಂದರೆ ಅದರ ಬೇರು ಹಚ್ಚೆಯಲ್ಲೇ ಇದೆ. ಕೆನಡಾದ ಪ್ಲಾಸ್ಟಿಕ್ ಸರ್ಜನ್ ಆಂದ್ರೆ ಕಮಿರಾಂ ಬೆಳ್ಳಗಾದ ಶಸ್ತ್ರಚಿಕಿತ್ಸೆಯ ಕಲೆಗಳನ್ನು ಮರೆಮಾಡಲು ಮೈಬಣ್ಣದ ಹಚ್ಚೆ ಹಾಕುತ್ತಿದ್ದರು. ವರ್ಷ ಎರಡು ವರ್ಷ ಕಳೆದು ನೋಡಿದರೆ ಹಾಕಿದ ಬಣ್ಣ ಮಾಸಿತ್ತು, ಆದರೆ ಕಲೆಯೇ ಮೆತ್ತಗಾಗಿ, ಸಮವಾಗಿ, ಚರ್ಮದ ಸ್ವಂತ ಬಣ್ಣ ಮರಳಿತ್ತು. ಹಾಗಾದರೆ ಗುಣ ಬಣ್ಣದ್ದಲ್ಲ, ಚುಚ್ಚಿದ್ದರದ್ದು. ಅವರು ಮಸಿಯಿಲ್ಲದೆ ಬರೀ ಸೂಜಿಯನ್ನು ಆಡಿಸತೊಡಗಿ, 1997ರಲ್ಲಿ ಅದನ್ನು ಪ್ರಕಟಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡೆಸ್ಮಂಡ್ ಫರ್ನಾಂಡಿಸ್ ಎಂಬ ಸರ್ಜನ್ ಸಣ್ಣ ಉರುಳೆಗೆ ಸೂಜಿಗಳನ್ನು ನೆಟ್ಟು ಸಾಧನ ಮಾಡಿದರು. ಇಂದಿನ ಡರ್ಮಾರೋಲರ್‌ಗಳು ಆ ವಂಶದವು. ಸಾಮಾನ್ಯ ರೋಲರಿನಲ್ಲಿ 192 ಸೂಜಿ ಇರುತ್ತವೆ. ಒಂದೇ ಜಾಗದಲ್ಲಿ ಹದಿನೈದು ಸಲ ಉರುಳಿಸಿದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 250 ತೂತು ಬೀಳುತ್ತವೆ. ಈಗ ಅನೇಕ ವೈದ್ಯರು ಬಳಸುವುದು ಪೆನ್ನಿನಂಥ ಯಂತ್ರ. ತುದಿಯ ಸೂಜಿಗಳು ಹೊಲಿಗೆ ಯಂತ್ರದ ಸೂಜಿಯಂತೆ ನೆಟ್ಟಗೆ ಇಳಿದೇಳುತ್ತವೆ, ಆಳವನ್ನು ಜಾಗಕ್ಕೆ ತಕ್ಕಂತೆ ತಿರುಗಿಸಿ ಇಡಬಹುದು.

ಪ್ರತಿ ತೂತೂ ಒಂದು ಗಾಯ, ಆದರೆ ಎಷ್ಟು ಸಣ್ಣದೆಂದರೆ ಮೇಲ್ಪದರ ಒಂದೆರಡು ದಿನದೊಳಗೆ ಕೂಡಿಕೊಳ್ಳುತ್ತದೆ. ಒಳಗೆ ಮಾತ್ರ ದೊಡ್ಡ ಗಾಯಕ್ಕೆ ಏಳುವಂಥದೇ ಗದ್ದಲ ಏಳುತ್ತದೆ. ಒಸರಿದ ರಕ್ತದ ಪ್ಲೇಟ್‌ಲೆಟ್‌ಗಳು ಒಡೆದು ಬೆಳವಣಿಗೆಯ ಸಂಕೇತಗಳನ್ನು ಚೆಲ್ಲುತ್ತವೆ. ಆ ಸಂಕೇತ ಹಿಡಿದು ಬಿಳಿ ರಕ್ತಕಣಗಳು ಬಂದು ಕಸ ಬಳಿಯುತ್ತವೆ. ಅವುಗಳ ಹಿಂದೆ ಫೈಬ್ರೊಬ್ಲಾಸ್ಟ್‌ಗಳು, ಅಂದರೆ ನೇಕಾರ ಕೋಶಗಳು, ಬಂದು ಮೊದಲು ಮೂರನೇ ಬಗೆಯ ಎಳಸು ಕೊಲಾಜೆನ್ ಹಾಸುತ್ತವೆ. ಅದನ್ನು ತಿಂಗಳುಗಟ್ಟಲೆ ಬಿಚ್ಚಿ ಬಿಚ್ಚಿ ಒಂದನೇ ಬಗೆಯ ಗಟ್ಟಿ ಕೊಲಾಜೆನ್ ನೇಯುತ್ತವೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕಾಗುವುದು ಈ ಮರುನೇಯ್ಗೆಗೆ. "ಒಂದೇ ಸಿಟ್ಟಿಂಗ್‌ನಲ್ಲಿ ಗ್ಲೋ" ಎಂಬ ಬೋರ್ಡು ಕಂಡರೆ ನನಗೆ ಸಿಟ್ಟು ಬರುತ್ತದೆ. ಮರುದಿನ ಕಾಣುವ ಹೊಳಪು ಬಾವಿನದು, ಚರ್ಮ ಊದಿ ಕುಳಿ ತಾತ್ಕಾಲಿಕವಾಗಿ ತುಂಬಿದಂತೆ ಕಾಣುತ್ತದೆ, ಅಷ್ಟೇ.

ನಮ್ಮಂಥ ಗೋಧಿ, ಕಂದು, ಕಪ್ಪು ಬಣ್ಣದವರಿಗೆ ಈ ಚಿಕಿತ್ಸೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ಚರ್ಮವನ್ನು ಸುಟ್ಟು ಹೊಸದಾಗಿಸುವ ಲೇಸರುಗಳ ಬಿಸಿಗೆ ನಮ್ಮ ಬಣ್ಣದ ಕೋಶಗಳು ಕೆರಳಿ ಕಪ್ಪು ತೇಪೆಗಳನ್ನು ಬಿಡುವ ಭಯ ಹೆಚ್ಚು. ಬರೀ ಸೂಜಿಯಲ್ಲಿ ಬಿಸಿಯಿಲ್ಲ, ಮೇಲ್ಪದರವೂ ಬಹುಪಾಲು ಹಾಗೇ ಉಳಿಯುತ್ತದೆ. ರೇಡಿಯೋ ತರಂಗ ಸೇರಿಸಿದ ಸೂಜಿ ಯಂತ್ರಗಳ ಲೆಕ್ಕ ಬೇರೆ, ಅವು ಒಳಗೆ ಬಿಸಿ ಮಾಡುತ್ತವೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವವರಿದ್ದಾರೆ, ಆದ್ದರಿಂದ ಯಾವುದೆಂದು ಕೇಳಿಯೇ ಕೂರಬೇಕು.

ಹುಡುಗನನ್ನು ಹುಬ್ಬಳ್ಳಿ ವಿದ್ಯಾನಗರದ ಚರ್ಮವೈದ್ಯೆಯೊಬ್ಬರ ಹತ್ತಿರ ಕರೆದೊಯ್ದೆ. ಚಿಗರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾಸ್ಕ್ ತೆಗೆಯಲಿಲ್ಲ. ವೈದ್ಯೆ ಮೊದಲು ಕೋಣೆಯ ಲೈಟ್ ಆರಿಸಿ, ಕಿವಿಯ ಕಡೆಯಿಂದ ಅಡ್ಡಲಾಗಿ ಟಾರ್ಚ್ ಹಿಡಿದರು. ಅಡ್ಡ ಬೆಳಕಿನಲ್ಲಿ ಕೆನ್ನೆ ಬೇರೆಯೇ ಕಂಡಿತು. ಅಗಲವಾಗಿ ಅಲೆಯಂತೆ ತಗ್ಗಿದವು ಕೆಲವು, ಅಂಚು ಕಡಿದಂತೆ ಚೌಕ ಗುಂಡಿಗಳು ಕೆಲವು. ಎಡಗೆನ್ನೆಯ ನಡುವೆ ಮೂರು ಮಾತ್ರ ದಬ್ಬಣದಿಂದ ಚುಚ್ಚಿದಂತೆ ಕಿರಿದಾಗಿ ಆಳವಾಗಿದ್ದವು. ಬೆರಳುಗಳಿಂದ ಚರ್ಮ ಹಿಗ್ಗಿಸಿದಾಗ ಅಲೆಯಂಥವು ಮಾಯವಾದವು, ಆ ಮೂರು ಮಾಯವಾಗಲಿಲ್ಲ. "ಹಿಗ್ಗಿಸಿದ್ರ ಹೋಗೋವು ಸೂಜಿಗೆ ಚೊಲೊ ಬಗ್ಗತಾವ, ಇವು ಮೂರು ಬಗ್ಗೂದಿಲ್ಲ" ಎಂದು ಆಗಲೇ ಹೇಳಿಬಿಟ್ಟರು. ಆ ಪ್ರಾಮಾಣಿಕತೆಗೇ ನನಗೆ ಅವರ ಮೇಲೆ ನಂಬಿಕೆ ಬಂತು. 2009ರಲ್ಲಿ ಶ್ರೀನಗರದಿಂದ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡ 36 ಜನರಲ್ಲಿ 34 ಮಂದಿಯ ಕಲೆಗಳ ತೀವ್ರತೆ ಒಂದೆರಡು ದರ್ಜೆ ಇಳಿಯಿತು. ಅಲೆಯಂಥ ಮತ್ತು ಚೌಕ ಕುಳಿಗಳಲ್ಲಿ ಫಲ ಚೆನ್ನಾಗಿತ್ತು, ಕಿರಿದಾದ ಆಳದ ತೂತುಗಳಲ್ಲಿ ಸಾಧಾರಣ. ಒಂದೆರಡು ದರ್ಜೆ ಇಳಿಯಿತು ಎಂದರೆ ಕಲೆ ಅಳಿಸಿತು ಎಂದಲ್ಲ, ಈ ವ್ಯತ್ಯಾಸವನ್ನು ದುಡ್ಡು ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಅಂದೇ ಚುಚ್ಚಲಿಲ್ಲ. ಹಸಿ ಮೊಡವೆ ಇರುವಾಗ ಸೂಜಿ ಓಡಿಸಿದರೆ ರೋಗಾಣು ಮುಖವೆಲ್ಲ ಬಿತ್ತಿದಂತಾಗುತ್ತದೆ. ಎರಡೂವರೆ ತಿಂಗಳು ಮೊಡವೆಗೆ ಔಷಧಿ ನಡೆಯಿತು. ಗೆಳೆಯನೊಬ್ಬ ಹೇಳಿದನೆಂದು ಮೆಡಿಕಲ್ ಶಾಪಿನಿಂದ ತಂದು ಹಚ್ಚುತ್ತಿದ್ದ ಬೆಳ್ಳಗಾಗುವ ಕ್ರೀಮನ್ನು ವೈದ್ಯೆ ನಿಲ್ಲಿಸಿದರು. ಅದರಲ್ಲಿ ಸ್ಟೆರಾಯ್ಡ್ ಇತ್ತು. ಅದು ಕೆಲವು ವಾರ ಮುಖ ತಿಳಿಯಾಗಿಸಿ, ಆಮೇಲೆ ಚರ್ಮವನ್ನು ತೆಳ್ಳಗೆ ಮಾಡಿ, ತಾನೇ ಮೊಡವೆ ಎಬ್ಬಿಸುತ್ತದೆ. ನಮ್ಮ ಊರುಗಳಲ್ಲಿ ಇದರಿಂದ ಹಾಳಾದ ಮುಖಗಳು ಕಡಿಮೆಯಿಲ್ಲ. ಗಾಯವಾದಲ್ಲೆಲ್ಲ ಗಂಟು ಉಬ್ಬುವ, ಅಂದರೆ ಕೆಲಾಯ್ಡ್ ಆಗುವ ಮೈಯವರಿಗೆ ಈ ಚಿಕಿತ್ಸೆ ಬೇಡ. ಎದೆ, ಭುಜ, ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟಾಗಿದೆಯೇ ಎಂದು ವೈದ್ಯೆ ಅದಕ್ಕೇ ಕೇಳಿದ್ದು. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಏಳುವವರೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ, ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರೂ ಮುಂಚೆಯೇ ಹೇಳಬೇಕು.

ಮೊದಲ ಸಿಟ್ಟಿಂಗ್ ಶ್ರಾವಣದಲ್ಲಿ. ಮುಖಕ್ಕೆ ಮರಗಟ್ಟಿಸುವ ಮುಲಾಮು ದಪ್ಪಗೆ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಸೂಜಿಯ ತುದಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಹರಿದರು, ಅದು ಒಬ್ಬರಿಗೆ ಒಂದೇ ಸಲ. ಪೆನ್ನು ಗುಂಯ್ ಎನ್ನುತ್ತ ಕೆನ್ನೆಯ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಓಡಿತು. ಕೆನ್ನೆಯ ಮೇಲೆ ಎರಡು ಮಿಲಿಮೀಟರ್, ಹಣೆಗೆ ಬಂದಾಗ ಒಂದಕ್ಕೆ ಇಳಿಸಿದರು, ಎಲುಬು ಹತ್ತಿರವಿರುವ ಕಡೆ ಆಳಕ್ಕೆ ಹೋದರೆ, ಒತ್ತಿ ಎಳೆದರೆ ರೈಲು ಹಳಿಯಂಥ ಗೆರೆಗಳು ಶಾಶ್ವತವಾಗಿ ಉಳಿಯಬಹುದು. ಎರಡು ನಿಮಿಷದಲ್ಲಿ ಚರ್ಮದ ಮೇಲೆ ಕುಂಕುಮದ ಕಾಳಿನಷ್ಟು ಸಣ್ಣ ಕೆಂಪು ಚುಕ್ಕಿಗಳು ಮೂಡಿದವು, ಒಂದಕ್ಕೊಂದು ಕೂಡಲಿಲ್ಲ. ಅಷ್ಟಾದ ಕೂಡಲೇ ಕೈ ಮುಂದಿನ ಜಾಗಕ್ಕೆ ಹೋಯಿತು. ಕೆನ್ನೆಯನ್ನು ತಣ್ಣನೆಯ ಸಲೈನ್ ಬಟ್ಟೆಯಿಂದ ಒರೆಸಿದಾಗ ಹುಡುಗ ಹೇಳಿದ್ದು: "ಜ್ವಾಳದ ರವದಿ ಮ್ಯಾಲೆ ಮಾರಿ ತಿಕ್ಕಿಧಂಗ ಆಗೇತಿ."

ಮೂರು ದಿನ ಮುಖ ಬಿಸಿಲಿಗೆ ಕಂದಿದಂತೆ ಕೆಂಪಗಿತ್ತು. ಆ ದಿನಗಳಲ್ಲಿ ಮುಖಕ್ಕೆ ಏನೇನೋ ಬಳಿಯುವುದು ದೊಡ್ಡ ತಪ್ಪು. ತೂತುಗಳು ತೆರೆದಿರುವಾಗ ಹಚ್ಚಿದ್ದು ನೇರ ಒಳಚರ್ಮಕ್ಕೆ ಇಳಿಯುತ್ತದೆ. ಸೂಜಿ ಚಿಕಿತ್ಸೆಗೆ ವಿಟಮಿನ್ ಸಿ ಸೀರಮ್‌ನಂಥವನ್ನು ಕೂಡಿಸಿದ ಮೂವರು ಮಹಿಳೆಯರ ಮುಖದಲ್ಲಿ ಗಂಟು ಗಂಟು ಉರಿಯೂತ ಎದ್ದದ್ದನ್ನು ಅಮೆರಿಕದ ವೈದ್ಯರು 2014ರಲ್ಲಿ ದಾಖಲಿಸಿದ್ದಾರೆ. ಅರಿಸಿನ, ನಿಂಬೆರಸ, ಲೋಳಸರ, ಮನೆಮದ್ದಾದರೂ ಅಷ್ಟೇ. ಇದಕ್ಕಿಂತ ಭಯಂಕರವಾದದ್ದು ನಡೆದದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ರಕ್ತದ ಪ್ಲಾಸ್ಮಾ ಸೇರಿಸಿ ಸೂಜಿ ಆಡಿಸಿಕೊಂಡ ಗ್ರಾಹಕರಿಗೆ ಎಚ್‌ಐವಿ ತಗುಲಿತು. ತನಿಖೆ 2018ರಲ್ಲಿ ಶುರುವಾಯಿತು, ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವಿವರ ಪ್ರಕಟಿಸಿತು. ಪಾರ್ಲರಿನಲ್ಲಿ ಹುಬ್ಬು ತಿದ್ದಿಸಿಕೊಂಡು, ಹಾಗೇ ಸೂಜಿಯನ್ನೂ ಮಾಡಿಸಿಕೊಂಡು ಬರುವ ಹುಡುಗಿಯರಿಗೆ ನಾನು ಈ ಸಂಗತಿಯನ್ನು ಬಿಡದೆ ಹೇಳುತ್ತೇನೆ. ರಕ್ತ ಬರುವ ಕೆಲಸ ವೈದ್ಯರ ಕೆಲಸ. ಬೋರ್ಡಿನ ಮೇಲೆ ಡಿವಿಎಲ್, ಅಂದರೆ ಚರ್ಮರೋಗದ ತಜ್ಞ ಪದವಿ, ಎಂದಿದೆಯೇ ನೋಡಿ. ಖಾಸಗಿ ಕ್ಲಿನಿಕ್ಕಿನ ಖರ್ಚು ಎಟುಕದಿದ್ದರೆ ಹುಬ್ಬಳ್ಳಿ, ಗದಗ, ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ ಕೇಳಬಹುದು.

ಮನೆಗೆ ತರಿಸುವ 0.2, 0.3 ಮಿಲಿಮೀಟರಿನ ರೋಲರುಗಳು ಕುಳಿ ಇರುವ ಆಳಕ್ಕೆ ಮುಟ್ಟುವುದಿಲ್ಲ. ಮುಟ್ಟುವಷ್ಟು ಉದ್ದದವು ರೂಮಿನಲ್ಲಿ ಬಳಸುವಂಥವಲ್ಲ. ಹುಡುಗ ತನ್ನದನ್ನು ದಪ್ಪ ಡಬ್ಬಿಯಲ್ಲಿ ಹಾಕಿ, ಟೇಪ್ ಸುತ್ತಿ, ಕ್ಲಿನಿಕ್ಕಿನ ಸೂಜಿ ಕಸಕ್ಕೆ ಕೊಟ್ಟುಬಂದ.

ಐದೈದು ವಾರ ಬಿಟ್ಟು ನಾಲ್ಕು ಸಿಟ್ಟಿಂಗ್ ಆದವು. ನಡುವೆ ಬಿಸಿಲಿಗೆ ಹೋಗುವಾಗಲೆಲ್ಲ ಸನ್‌ಸ್ಕ್ರೀನ್, ಹೊಲಕ್ಕೆ ಹೋದರೆ ತಲೆಗೆ ಟವೆಲ್ಲು. ಸಂಕ್ರಾಂತಿ ಕಳೆದ ಮೇಲೆ ವೈದ್ಯೆ ಅದೇ ಕೋಣೆಯಲ್ಲಿ ಲೈಟ್ ಆರಿಸಿ, ಅದೇ ಅಡ್ಡ ಬೆಳಕಿನಲ್ಲಿ ಫೋಟೊ ತೆಗೆದು ಮೊದಲಿನದರ ಪಕ್ಕ ಇಟ್ಟರು. ಅಲೆಗಳು ಅರ್ಧಕ್ಕಿಂತ ಹೆಚ್ಚು ಸಮವಾಗಿದ್ದವು, ಚೌಕ ಗುಂಡಿಗಳ ಅಂಚು ಮೆತ್ತಗಾಗಿತ್ತು. ಎಡಗೆನ್ನೆಯ ಆ ಮೂರು ತೂತು ಹೇಗಿದ್ದವೋ ಹಾಗೇ ಇದ್ದವು. ಅವುಗಳಿಗೆ ತೂತಿನ ತಳಕ್ಕೆ ಮಾತ್ರ ಒಂದೊಂದು ಚುಕ್ಕಿ ತೀಕ್ಷ್ಣ ಆಮ್ಲ ಮುಟ್ಟಿಸುವ ಬೇರೆ ವಿಧಾನ ಇದೆಯಂತೆ. ಪರೀಕ್ಷೆ ಮುಗಿಸಿಕೊಂಡು ಬಾ ಎಂದಿದ್ದಾರೆ. ವಾಪಸ್ ಬರುವಾಗ ಚಿಗರಿಯಲ್ಲಿ ಕಿಟಕಿ ಕಡೆ ಕೂತವನು ಮಾಸ್ಕನ್ನು ಮಡಿಚಿ ಜೇಬಿಗೆ ಹಾಕಿಕೊಂಡು, ಉಣಕಲ್ ಕೆರೆ ದಾಟುವವರೆಗೂ ಪರೀಕ್ಷೆಯ ಸಿಲೆಬಸ್ಸಿನ ಬಗ್ಗೆಯೇ ಮಾತಾಡುತ್ತಿದ್ದ.